ಮೈಮುರಿದ ಸೇತುವೆ

ಅಡುಗೆಮನೆಯ ಕಿಟಕಿ ಅವತ್ತೂ ತೆರೆಯಲಿಲ್ಲ. ಸ್ಪ್ಯಾನರಕ್ಕ ಮೊದಲು ಅಂಗೈಯಿಂದ ತಳ್ಳಿದಳು, ಆಮೇಲೆ ಮೊಣಕೈಯಿಂದ ಗುದ್ದಿದಳು, ಕೊನೆಗೆ ಸೌಟಿನ ಹಿಡಿಯಿಂದ ನಾಲ್ಕು ಬಾರಿಸಿದಳು. ಅಷ್ಟರಲ್ಲಿ ಒಲೆಯ ಮೇಲೆ ಹಾಲು ಉಕ್ಕಿತೇ ಹೊರತು ಕಿಟಕಿ ಜಪ್ಪಯ್ಯ ಅನ್ನಲಿಲ್ಲ.

"ಮಾವ, ಈ ಕಿಟಕಿಗೆ ಮತ್ತೆ ಬಣ್ಣ ಬಳಿದ್ರಾ?"

ನಡುಮನೆಯಿಂದ ಉತ್ತರ ಬಂತು. "ಒಂದೇ ಒಂದು ಕೈ ಕಣಮ್ಮ. ಅಂಚಲ್ಲಿ ಸ್ವಲ್ಪ ಸಿಪ್ಪೆ ಎದ್ದಿತ್ತು."

"ತೆಗೆಯೋಕೇ ಆಗ್ತಿಲ್ಲ."

"ತೆಗೀಬೇಡ. ತೆಗೆದ್ರೆ ಮಳೆನೀರು ಒಳಗೆ ಬರುತ್ತೆ."

ಅವಳು ಹಾಲಿನ ಪಾತ್ರೆ ಇಳಿಸಿ, ಒಲೆ ಒರೆಸಿದಳು.

ಮಾವ ಮೂವತ್ತೈದು ವರ್ಷ ಊರಿನ ಕಬ್ಬಿಣದ ಸೇತುವೆಗೆ ಬಣ್ಣ ಬಳಿದವರು. ಕೆಲಸದವರ ಬಾಯಲ್ಲಿ ಅವರು ಬ್ರಷ್ಷಣ್ಣ. ನಿವೃತ್ತಿಯಾಗಿ ಒಂಬತ್ತು ವರ್ಷವಾಗಿತ್ತು, ಆದರೆ ಕೈಗೆ ಮಾತ್ರ ನಿವೃತ್ತಿಯ ಕಾಗದ ಇನ್ನೂ ತಲುಪಿರಲಿಲ್ಲ. ಕೆಲಸದ ಕಾಲದಲ್ಲಿ ಡಬ್ಬಿಯ ತಳದಲ್ಲಿ ಉಳಿದದ್ದನ್ನೆಲ್ಲ ಹಿತ್ತಲಲ್ಲಿ ಸಾಲಾಗಿ ಇಟ್ಟುಕೊಂಡಿದ್ದರು. ಹಾಗಾಗಿ ಮನೆಯೂ ಸೇತುವೆಯ ಬಣ್ಣದ್ದೇ. ಸ್ಟೂಲು ಹಸಿರು, ಬಾಗಿಲ ಚಿಲಕ ಬೂದು, ಹಿಟ್ಟಿನ ಡಬ್ಬ ಹಸಿರು, ಬಚ್ಚಲ ನಲ್ಲಿಯ ಹಿಡಿ ಕೆಂಪು. "ನಮ್ಮನೇಲಿ ಐದು ನಿಮಿಷ ಅಲ್ಲಾಡದೆ ಕೂತ್ರೆ ತಾತ ನಮಗೂ ಒಂದು ಕೈ ಬಳೀತಾರೆ" ಎಂದು ಎಂಟು ವರ್ಷದ ಮೊಮ್ಮಗಳು ಶಾಲೆಯಲ್ಲೆಲ್ಲ ಹೇಳಿಕೊಂಡು ಬಂದಿದ್ದಳು.

ಸ್ಪ್ಯಾನರಕ್ಕ ಅದೇ ಸೇತುವೆಯ ದುರಸ್ತಿ ತಂಡದಲ್ಲಿ ಫಿಟ್ಟರ್. ಬೋಲ್ಟು ಬಿಗಿಯುವುದು, ತುಕ್ಕು ಕೆರೆಯುವುದು, ಸಡಿಲವಾದದ್ದನ್ನು ಸರಿಮಾಡುವುದು ಅವಳ ಕೆಲಸ. ಗಂಡ ಬಸ್ಸಿನ ಡ್ರೈವರ್, ಸೇತುವೆ ದಾಟಿ ಆಚೆ ದಡದ ಕೊನೆಯ ನಿಲ್ದಾಣಕ್ಕೆ ಹೋಗಿಬರುವ ಬಸ್ಸು. ಹೋದ ವರ್ಷ ಸೇತುವೆಯ ಕಲ್ಲುಕಟ್ಟೆಯಲ್ಲಿ ಬಿರುಕು ಕಂಡಿತು. ಅಂದಿನಿಂದ ಭಾರದ ಗಾಡಿಗಳಿಗೆಲ್ಲ ತಡೆ, ನಡೆಯುವವರಿಗೆ ಮತ್ತು ಸ್ಕೂಟರುಗಳಿಗೆ ಮಾತ್ರ ದಾರಿ. ಐದು ನಿಮಿಷದಲ್ಲಿ ನದಿ ದಾಟುತ್ತಿದ್ದ ಬಸ್ಸು ಈಗ ಕೆಳಗಿನ ಅಣೆಕಟ್ಟೆಯ ರಸ್ತೆ ಹಿಡಿದು ಪ್ರತಿ ಸಲವೂ ಒಂದೂಕಾಲು ಗಂಟೆ ಸುತ್ತುತ್ತಿತ್ತು. ಮಗಳು ಏಳುವ ಮೊದಲೇ ಅವನು ಹೊರಡುತ್ತಿದ್ದ, ಅವಳು ಮಲಗಿದ ಮೇಲೆ ಬರುತ್ತಿದ್ದ. ಮಗಳು ದಿನಾ ಬೆಳಗ್ಗೆ ಎದ್ದವಳೇ ಬಾಗಿಲ ಬಳಿಯ ಮೂಲೆಗೆ ಹೋಗಿ ನೋಡುತ್ತಿದ್ದಳು.

"ಅಪ್ಪ ಮನೇಲಿ ಹಾಕೋ ಚಪ್ಪಲಿ ಜಾಗ ಬದಲಾಗಿದೆ ಅಮ್ಮ. ಅಪ್ಪ ಬಂದಿದ್ರು."

ಅದನ್ನವಳು ಅಳುತ್ತಲೂ ಹೇಳುತ್ತಿರಲಿಲ್ಲ, ನಗುತ್ತಲೂ ಹೇಳುತ್ತಿರಲಿಲ್ಲ. ಪತ್ತೇದಾರರ ಹಾಗೆ ವರದಿ ಒಪ್ಪಿಸುತ್ತಿದ್ದಳು ಅಷ್ಟೆ. ಸ್ಪ್ಯಾನರಕ್ಕ ಆ ಚಪ್ಪಲಿಯನ್ನು ಮತ್ತೆ ಮೂಲೆಗೆ ಸರಿಸಿಡುತ್ತಿದ್ದಳು.

ಸರ್ಕಾರ ಆ ವರ್ಷ ಹಳೆಯ ಸೇತುವೆಗಳಿಗೆಂದೇ ಹಣ ತೆಗೆದಿರಿಸಿತ್ತು. ಪಟ್ಟಿಯಲ್ಲಿ ಇವರ ಸೇತುವೆಯೂ ಇತ್ತು. ಆದರೆ ಅದನ್ನು ದುರಸ್ತಿ ಮಾಡಬೇಕೋ, ಕೆಡವಬೇಕೋ ಎಂಬುದನ್ನು ಹೇಳಬೇಕಾದದ್ದು ಎಂಜಿನಿಯರ್ ಮೇಡಂ ಬರೆಯುವ ವರದಿ. ದುರಸ್ತಿಯಾದರೆ ಐದು ತಿಂಗಳು. ಕೆಡವಿ ಹೊಸದು ಕಟ್ಟುವುದಾದರೆ ಐದು ವರ್ಷ. ಐದು ವರ್ಷಕ್ಕೆ ಮಗಳಿಗೆ ಹದಿಮೂರು ತುಂಬುತ್ತದೆ. ಅಷ್ಟು ಹೊತ್ತಿಗೆ ಅಪ್ಪನ ಚಪ್ಪಲಿ ಎಲ್ಲಿದೆ ಎಂದು ನೋಡುವ ವಯಸ್ಸೇ ದಾಟಿಹೋಗಿರುತ್ತದೆ.

* * *

ಸೇತುವೆಯ ಈಚೆ ತುದಿ ಬಂದು ಕೂರುವ ಜಾಗ ರಸ್ತೆಯ ಕೆಳಗೆ, ಕಲ್ಲುಕಟ್ಟೆಯ ಮೇಲೆ ಇದೆ. ಬಗ್ಗಿ ಒಳಹೊಕ್ಕರೆ ಒಂದು ಗೂಡು. ತಲೆಯ ಮೇಲೆ ಇಡೀ ಸೇತುವೆಯ ಭಾರ, ಎದುರಿಗೆ ಆ ಭಾರವನ್ನು ಹೊತ್ತ, ಟ್ರಂಕಿನಷ್ಟು ದೊಡ್ಡ ಬೂದು ಕಬ್ಬಿಣದ ದಿಮ್ಮಿ. ಅದರ ಪಕ್ಕದಲ್ಲೇ ಕಟ್ಟೆಯ ಕಲ್ಲಿನಲ್ಲಿ ಆ ಹಾಳು ಬಿರುಕು. ಮೇಡಂ ಬಿರುಕಿಗೆ ಅಡ್ಡಲಾಗಿ ತೆಳ್ಳನೆಯ ಗಾಜಿನ ಪಟ್ಟಿ ಅಂಟಿಸಿದ್ದರು. ಬಿರುಕು ಕೂದಲೆಳೆಯಷ್ಟು ಅಗಲವಾದರೂ ಗಾಜು ಒಡೆದು ಸುದ್ದಿ ಕೊಡುತ್ತದೆ.

ಮೂರು ಗಾಜು ಅಂಟಿಸಿದ್ದರು. ಮೂರೂ ಒಡೆದಿದ್ದವು.

"ಅಡಿಪಾಯನೇ ಜರಗ್ತಿದೆ ಅನ್ಸುತ್ತೆ," ಎಂದರು ಮೇಡಂ. ವಯಸ್ಸು ಮೂವತ್ತೂ ಇರಲಿಕ್ಕಿಲ್ಲ. ಮುಡಿಯಲ್ಲಿ ಎರಡು ಪೆನ್ನು ಸಿಕ್ಕಿಸಿಕೊಂಡು ದಿನಾ ಮೂರನೆಯದನ್ನು ಹುಡುಕುವವರು. "ಇನ್ನು ಹತ್ತು ದಿನಕ್ಕೆ ವರದಿ ಕೊಡ್ಬೇಕು. ಹೀಗೇ ಆದ್ರೆ ಕೆಡವಿ ಅಂತಲೇ ಬರೀಬೇಕಾಗುತ್ತೆ. ನನಗೂ ಇಷ್ಟ ಇಲ್ಲ. ಆದ್ರೆ ಜನರ ಜೀವದ ಪ್ರಶ್ನೆ."

ಸ್ಪ್ಯಾನರಕ್ಕ ಒಡೆದ ಗಾಜನ್ನೇ ನೋಡುತ್ತಿದ್ದಳು. "ಮೇಡಂ, ಇದು ಯಾವಾಗ ಒಡೀತು ಅಂತ ಬರ್ಕೊಂಡಿದ್ದೀರಾ?"

"ತಾರೀಕು ಬರ್ಕೊಂಡಿದ್ದೀನಲ್ಲ."

"ಹೊತ್ತು?"

"ಹೊತ್ತು… ಇಲ್ಲ. ನಾನು ಸಾಯಂಕಾಲ ಬಂದು ನೋಡೋದು."

"ನಾನು ಇಲ್ಲೇ ಕೂತು ಊಟ ಮಾಡೋದು, ಇಲ್ಲಿ ನೆರಳಿರುತ್ತೆ ಅಂತ. ಮೂರು ಸಲಾನೂ ನಾನು ಡಬ್ಬಿ ಮುಚ್ಚೋ ಹೊತ್ತಿಗೆ ಟಿಕ್ ಅಂತು. ಮೋಡ ಇದ್ದ ದಿನ ಒಂದೂ ಒಡೀಲಿಲ್ಲ."

ಪಕ್ಕದಲ್ಲಿ ನಿಂತಿದ್ದ ದುರಸ್ತಿ ತಂಡದ ಮೇಸ್ತ್ರಿ ಹೊಟ್ಟೆ ಕುಲುಕಿಸಿ ನಕ್ಕರು. "ಗಾಜಿಗೂ ಊಟದ ಬೆಲ್ ಕೇಳಿಸುತ್ತೆ ನೋಡಿ ಮೇಡಂ! ನಿನ್ನ ಡಬ್ಬಿ ಘಮಕ್ಕೇ ಒಡೆದಿರ್ಬೇಕು ಕಣೇ ಸ್ಪ್ಯಾನರಕ್ಕ."

"ನಗಿ, ನಗಿ. ಅಡಿಪಾಯ ಜರಗೋದಾದ್ರೆ ಬಿಸಿಲು ನೋಡ್ಕೊಂಡು ಜರಗುತ್ತಾ ಮೇಸ್ತ್ರಿ?"

ಮೇಸ್ತ್ರಿಯ ನಗು ಅರ್ಧಕ್ಕೆ ನಿಂತಿತು. ಮೇಡಂ ಪೆನ್ನು ಹುಡುಕುವುದನ್ನೂ ಬಿಟ್ಟು ಅವಳ ಮುಖ ನೋಡಿದರು.

"ಬಿಸಿಲಿಗೆ ಕಬ್ಬಿಣ ಹಿಗ್ಗುತ್ತೆ," ಎಂದರು ನಿಧಾನವಾಗಿ, ತಮಗೆ ತಾವೇ ಪಾಠ ಹೇಳಿಕೊಳ್ಳುವವರಂತೆ. "ಆಚೆ ದಡದಲ್ಲಿ ಸೇತುವೆನ ಕಟ್ಟೆಗೆ ಬಿಗಿದಿದ್ದಾರೆ. ಹಿಗ್ಗಿದ್ದೆಲ್ಲ ಈ ಕಡೆಗೇ ಸರೀಬೇಕು. ಅದಕ್ಕೇ ಈ ತುದಿ ಕೆಳಗೆ ಉರುಳೋ ಉಕ್ಕಿನ ರೋಲರ್ ಇರ್ಬೇಕು. ಹಳೇ ನಕ್ಷೇಲಿ ಇದೆ ಕೂಡ. ಬಂದು ನೋಡಿದ್ರೆ ಇಡೀ ದಿಮ್ಮಿ. ಯಾರೋ ನಡುವೆ ಬದಲಾಯಿಸಿರ್ಬೇಕು ಅಂದ್ಕೊಂಡೆ. ಸರೀಯೋಕೆ ಆಗ್ದೆ ಅದು ಕಟ್ಟೆನ ತಳ್ತಿದ್ರೆ…" ಮಾತು ಅಲ್ಲಿಗೇ ನಿಲ್ಲಿಸಿದರು. "ಆ ದಿಮ್ಮೀನ ಒಂದು ಮೂಲೇಲಿ ಕೆರೆದು ನೋಡ್ತೀರಾ? ನಾನು ಆಚೆ ದಡಕ್ಕೆ ಹೋಗ್ಬರ್ತೀನಿ."

ಮೇಡಂ, ಮೇಸ್ತ್ರಿ ಇಬ್ಬರೂ ಹೋದರು. ಸ್ಪ್ಯಾನರಕ್ಕ ಮಂಡಿಯೂರಿ ಉಳಿ ಹಿಡಿದಳು.

ಮೊದಲು ಬೂದು ಬಣ್ಣದ ಸಿಪ್ಪೆ ಎದ್ದಿತು. ಅದರಡಿ ಹಸಿರು. ನೋಡಿದ ಕೂಡಲೇ ಗುರುತು ಸಿಕ್ಕಿತು. ಬೆಳಗ್ಗೆ ಸೌಟಿನಿಂದ ಬಾರಿಸಿದ ಕಿಟಕಿಯದೇ ಹಸಿರು. ಅದರಡಿ ಮತ್ತೆ ಬೂದು, ಮತ್ತೆ ಹಸಿರು, ಅದರಡಿ ಕೆಂಪು. ಬಣ್ಣವೇ ಬೆರಳು ದಪ್ಪವಿತ್ತು. ಆಮೇಲೆ ಸಂದಿಗೆ ಮೆತ್ತಿ ಕಲ್ಲಿನಂತೆ ಒಣಗಿದ ಪುಟ್ಟಿ. ಪುಟ್ಟಿಯ ಮೇಲೆ ಹೆಬ್ಬೆರಳಿನ ಒಂದು ಅಚ್ಚು, ಅದರ ನಡುವೆ ಅಡ್ಡಡ್ಡ ಒಂದು ಗಾಯದ ಗೆರೆ.

ಅವಳು ಆ ಅಚ್ಚಿನ ಮೇಲಿನ ಧೂಳು ಒರೆಸಿದಳು.

ಆ ಹೆಬ್ಬೆರಳು ಅವಳಿಗೆ ಗೊತ್ತು. ಸ್ಟೂಲಿನ ಅಡಿಯಲ್ಲಿದೆ, ಬಾಗಿಲ ಹಿಂದಿದೆ, ಹಿಟ್ಟಿನ ಡಬ್ಬದ ತಳದಲ್ಲಿದೆ. ಪ್ರಾಯದಲ್ಲಿ ಹಗ್ಗ ಜಾರಿ ಮಾವನ ಎಡಗೈ ಹೆಬ್ಬೆರಳು ಕೊಯ್ದಿತ್ತು. ಒಂದೊಂದು ಕೆಲಸ ಮುಗಿದಾಗಲೂ ಹಸಿ ಬಣ್ಣದ ಮೇಲೆ, ಯಾರಿಗೂ ಕಾಣದ ಕಡೆ, ಅದನ್ನು ಒತ್ತಿಬಿಡುವುದು ಅವರ ರೂಢಿ. ಎಂಜಿನಿಯರುಗಳು ಕಾಗದದ ಕೆಳಗೆ ಸಹಿ ಹಾಕಿದರೆ ಬ್ರಷ್ಷಣ್ಣ ಕಬ್ಬಿಣದ ಮೇಲೆ ಹಾಕುತ್ತಿದ್ದರು. ರಜೆಯ ದಿನ ಮೊಮ್ಮಗಳಿಗೆ ಆ ಅಚ್ಚು ಹುಡುಕುವುದೇ ಆಟ.

ಸ್ಪ್ಯಾನರಕ್ಕ ಅಚ್ಚಿನ ಪಕ್ಕದಲ್ಲಿ ಮೆಲ್ಲಗೆ ಪುಟ್ಟಿ ಎಬ್ಬಿಸಿದಳು. ಒಳಗೆ ದುಂಡಗೆ, ನುಣ್ಣಗೆ, ಹೊಳೆಯುವ ಉಕ್ಕಿನ ಅಂಚು ಕಂಡಿತು.

ದಿಮ್ಮಿಯಲ್ಲ. ರೋಲರ್.

ಕುಣಿದುಬಿಡಬೇಕು ಅನ್ನಿಸಿತು. ಸೇತುವೆ ಉಳಿಯಬಹುದು. ಆದರೆ ಉಳಿಯುವ ದಾರಿಯಲ್ಲಿ ಮೊದಲು ಸಿಕ್ಕಿದ್ದೇ ಮಾವನ ಹೆಬ್ಬೆರಳು. ಇದನ್ನು ಮೇಡಂಗೆ ಹೇಳುವ ಮೊದಲು ಮನೆಯಲ್ಲಿ ಹೇಳಬೇಕು ಎಂದುಕೊಂಡು ಉಳಿ ಅಲ್ಲೇ ಬಿಟ್ಟು ಎದ್ದಳು.

* * *

ಮಾವ ಹಿತ್ತಲಲ್ಲಿ ಹಸಿರು ಸ್ಟೂಲಿನ ಮೇಲೆ ಕೂತು ಬ್ರಷ್ಷು ತೊಳೆಯುತ್ತಿದ್ದರು.

"ಇಷ್ಟು ಬೇಗ ಬಂದ್ಯಲ್ಲಮ್ಮ? ಡಬ್ಬಿ ಮರೆತೆಯಾ?"

"ಇಲ್ಲ ಮಾವ. ಒಂದು ವಿಷಯ ಕೇಳ್ಬೇಕಿತ್ತು. ಈಚೆ ದಡದ ಕಟ್ಟೆ ಮೇಲೆ, ಸೇತುವೆ ಕೂರೋ ಜಾಗದಲ್ಲಿ ಏನಿತ್ತು?"

"ರೋಲರ್. ಐದು." ಯೋಚಿಸುವ ಪ್ರಮೇಯವೇ ಇರಲಿಲ್ಲ.

"ಅದಕ್ಕೂ ಬಣ್ಣ ಬಳಿದ್ರಾ?"

"ಬಳೀದೆ ಇರ್ತೀನಾ? ಬ್ರಷ್ಷಣ್ಣ ಒಂದಂಗುಲ ಬಿಟ್ಟಿದ್ದಾನೆ ಅಂತ ಯಾರಾದ್ರೂ ಹೇಳ್ಲಿ ನೋಡೋಣ!"

"ಸಂದಿಗೆ ಪುಟ್ಟಿ?"

"ತುಂಬ್ದೆ. ಮೊದ್ಲು ಅದಕ್ಕೆ ಅಂತಲೇ ಎಣ್ಣೆಯಣ್ಣ ಒಬ್ಬ ಇದ್ದ. ವರ್ಷಕ್ಕೆ ಎರಡು ಸಲ ಗೂಡಿಗೆ ಇಳಿದು, ಕಸ ತೆಗೆದು, ಗ್ರೀಸ್ ಹಾಕ್ತಿದ್ದ. ಅವನು ರಿಟೈರ್ ಆದ, ಆ ಜಾಗಕ್ಕೆ ಯಾರನ್ನೂ ಹಾಕ್ಲಿಲ್ಲ. ನಾನು ಎರಡು ಸಲ ಬಾಯಿಬಿಟ್ಟು ಕೇಳಿದೆ. ಬಣ್ಣಕ್ಕೆ ಹಣ ಬರ್ತಿತ್ತಮ್ಮ, ಅದು ದಾರೀಲಿ ಹೋಗೋರ ಕಣ್ಣಿಗೆ ಕಾಣುತ್ತೆ. ಅಡೀಲಿರೋ ಗ್ರೀಸ್ ಯಾರ ಕಣ್ಣಿಗೆ ಬೀಳ್ಬೇಕು? ಅಷ್ಟರಲ್ಲಿ ಪಾರಿವಾಳ ಗೂಡು ಕಟ್ತು, ನೀರು ನಿಲ್ಲೋಕೆ ಶುರುವಾಯ್ತು. ತುಕ್ಕು ಹಿಡಿಯೋದನ್ನ ನೋಡ್ಕೊಂಡು ಕೂರೋಕಾಗುತ್ತಾ? ಚೆನ್ನಾಗಿ ಒರೆಸಿ, ಪುಟ್ಟಿ ತುಂಬಿ, ಮೇಲೆ ಬಣ್ಣ ಹೊಡೆದೆ. ಒಂದು ತೊಟ್ಟು ನೀರು ಹೋಗ್ಬಾರ್ದು, ಹಾಗೆ."

"ಮಾವ…" ಅವಳು ಅವರ ಎದುರು ಕುಕ್ಕರಗಾಲಲ್ಲಿ ಕೂತಳು. "ಅದು ಬಿಸಿಲಿಗೆ ಉರುಳಬೇಕಿತ್ತು. ಉರುಳೋಕೆ ಆಗ್ತಿಲ್ಲ. ಅದಕ್ಕೇ ಸೇತುವೆ ಕಟ್ಟೆನ ತಳ್ತಿದೆ."

ಬ್ರಷ್ಷು ಸೀಮೆಎಣ್ಣೆಯಲ್ಲೇ ನಿಂತಿತು. ಮಾವ ಅವಳನ್ನು ನೋಡಲಿಲ್ಲ. ತಮ್ಮ ಎಡಗೈ ಹೆಬ್ಬೆರಳು ನೋಡಿಕೊಂಡರು.

"ಅಂದ್ರೆ… ಬಿರುಕು ನನ್ನಿಂದ?"

ಸುಳ್ಳು ಹೇಳಲು ಅವಳಿಗೆ ನಾಲಿಗೆ ಬರಲಿಲ್ಲ. "ಹೂಂ ಮಾವ. ಆದ್ರೆ ಒಳಗೆ ರೋಲರ್ ಕನ್ನಡಿ ಹಾಗೆ ಹೊಳೀತಿದೆ. ಅದೂ ನಿಮ್ಮಿಂದಲೇ."

ಮಾವ ಎದ್ದು ಒಳಗೆ ಹೋದರು. ಅವಳು ಅಲ್ಲೇ ಕೂತಳು. ಹಿರಿಯರು, ಮರ್ಯಾದೆಯಿಂದ ಬದುಕಿದವರು, ತಾನು ಇಷ್ಟು ನೇರವಾಗಿ ಹೇಳಬಾರದಿತ್ತೇನೋ ಎಂದು ಮನಸ್ಸು ಹೊಯ್ದಾಡಿತು. ಒಳಗಿನಿಂದ ಸದ್ದು ಬಂತು. ಅಡುಗೆಮನೆಯಲ್ಲಿ ಧಡ್, ಧಡ್. ಓಡಿಹೋಗಿ ನೋಡಿದರೆ ಮಾವ ಎರಡೂ ಅಂಗೈ ಊರಿ ಕಿಟಕಿ ತಳ್ಳುತ್ತಿದ್ದಾರೆ. ಮುಖ ಕೆಂಪಾಗಿದೆ, ಕಿಟಕಿ ಅಲ್ಲಾಡುತ್ತಿಲ್ಲ.

"ಇದೂ ಹೀಗೇನಾ?" ಎಂದರು ಏದುಸಿರು ಬಿಡುತ್ತ.

"ಇದೂ ಹೀಗೇ ಮಾವ."

"ಎಷ್ಟು ದಿನದಿಂದ?"

"ನಾನು ಈ ಮನೆಗೆ ಬಂದಾಗಿಂದ."

ಮಾವ ಕಿಟಕಿಗೆ ಹಣೆ ಊರಿದರು. ಆಮೇಲೆ ಭುಜ ಅಲ್ಲಾಡತೊಡಗಿತು. ಅಳುತ್ತಿದ್ದಾರೆ ಎಂದುಕೊಂಡು ಅವಳು ಗಾಬರಿಯಿಂದ ಹತ್ತಿರ ಹೋದರೆ, ನಗುತ್ತಿದ್ದರು. "ಹನ್ನೆರಡು ವರ್ಷ ಹೊಗೇಲಿ ಅಡುಗೆ ಮಾಡಿದ್ಯಲ್ಲೇ ಮಾರಾಯ್ತಿ! ಬಾಯಿಬಿಟ್ಟು ಬೈಯೋಕೇನಾಗಿತ್ತು ನಿಂಗೆ?"

"ಬೈದಿದ್ರೆ ಸೌಟಿಗೂ ಬಣ್ಣ ಬಳೀತಿದ್ರಿ."

ಆ ಹೊತ್ತಿಗೆ ಇಬ್ಬರಿಗೂ ಕಣ್ಣಲ್ಲಿ ನೀರು ಬರುವಷ್ಟು ನಗು. ಮಾವ ಕೋಣೆಗೆ ಹೋಗಿ ಪಂಚೆ ಬಿಚ್ಚಿಟ್ಟು ಹಳೆಯ ಕೆಲಸದ ಪ್ಯಾಂಟು ಏರಿಸಿದರು, ಅಟ್ಟದಿಂದ ಸಾಮಾನಿನ ಪೆಟ್ಟಿಗೆ ಇಳಿಸಿದರು.

"ಎಲ್ಲಿಗೆ ಮಾವ?"

"ಇನ್ನೆಲ್ಲಿಗೆ? ಹಾಕಿದವನೇ ತೆಗೀಬೇಕು. ನಿಮ್ಮೋರು ಉಳಿ ಹಿಡ್ಕೊಂಡು ಕುಟ್ಟಿದ್ರೆ ರೋಲರ್ ಮುಖಕ್ಕೆ ಗಾಯ ಆಗುತ್ತೆ. ಗಾಯ ಆದ ರೋಲರ್ ಉರುಳಲ್ಲ. ನೀನೂ ಉಳಿ ಹಾಕಿದ್ಯಾ?"

"ಒಂದು ಮೂಲೇಲಿ…"

"ಬಾ, ತೋರಿಸ್ತೀನಿ ಹೆಂಗೆ ಅಂತ."

* * *

ಗೂಡಿನ ಬಾಯಲ್ಲಿ ಮೇಡಂ ಆಗಲೇ ಬ್ಯಾಟರಿ ಹಿಡಿದು ಬಗ್ಗಿ ನೋಡುತ್ತಿದ್ದರು. ಮಾವ ನೆಟ್ಟಗೆ ಅವರ ಎದುರು ಹೋಗಿ ನಿಂತರು.

"ಮೇಡಂ, ಇದು ನನ್ನ ಕೈಯಿಂದ ಆದ ತಪ್ಪು. ಯಾರೋ ಬದಲಾಯಿಸಿದ್ದಲ್ಲ. ಹೆಸರು ಬರ್ಕೊಳ್ಳಿ."

ಮೇಡಂ ಎಲ್ಲವನ್ನೂ ಕೇಳಿಸಿಕೊಂಡರು. ಎಣ್ಣೆಯಣ್ಣನ ಕಥೆಯನ್ನು ಎರಡು ಸಲ ಕೇಳಿದರು. ಆಮೇಲೆ ಜೇಬು ತಟ್ಟಿಕೊಂಡು, ಚೀಲದೊಳಗೆ ಕೈಯಾಡಿಸಿ ಹೇಳಿದರು. "ಪೆನ್ನೇ ಸಿಗ್ತಿಲ್ಲ ತಾತ. ಹೆಸರು ಬಿಡಿ. ಈ ಪುಟ್ಟಿ ತೆಗೆಯೋಕೆ ಎಷ್ಟು ದಿನ ಬೇಕು?"

ಮುಡಿಯಲ್ಲಿ ಎರಡು ಪೆನ್ನು ಇದ್ದದ್ದನ್ನು ಸ್ಪ್ಯಾನರಕ್ಕ ನೋಡಿದಳು. ಮೇಸ್ತ್ರಿಯೂ ನೋಡಿದರು. ಮಾತು ನಿಲ್ಲಿಸದ ಮೇಸ್ತ್ರಿ ಕೂಡ ಅವತ್ತು ಬಾಯಿಗೆ ಬೀಗ ಹಾಕಿಕೊಂಡರು.

ಐದು ದಿನ ಹಿಡಿಯಿತು. ಹಳೆಯ ಬಣ್ಣದಲ್ಲಿ ಸೀಸವಿರುತ್ತದೆ ಎಂದು ಮೇಡಂ ಎಲ್ಲರ ಮೂಗಿಗೂ ಮಾಸ್ಕ್ ಕಟ್ಟಿಸಿದರು. "ಮೂವತ್ತೈದು ವರ್ಷ ಕುಡಿದ ಗಾಳಿ, ಈಗೇನು ಮಡಿ" ಎಂದು ಗೊಣಗುತ್ತಲೇ ಮಾವನೂ ಕಟ್ಟಿಕೊಂಡರು. ಕಬ್ಬಿಣದ ಉಳಿಗೆ ಗೂಡಿನೊಳಗೆ ಪ್ರವೇಶವಿಲ್ಲ. ಬಣ್ಣ ಕರಗಿಸುವ ಎಣ್ಣೆಯಲ್ಲಿ ಅದ್ದಿದ ಬಟ್ಟೆ ಹೊದಿಸಿ, ಅದು ನೆನೆಯುವವರೆಗೆ ಕಾದು, ಮರದ ಬೆಣೆಯಿಂದ ಸುಲಿಯಬೇಕು. ಹಣ್ಣಿನ ಸಿಪ್ಪೆಯಂತೆ ಪದರ ಪದರವಾಗಿ ಸುರುಳಿ ಸುತ್ತಿಕೊಂಡು ಬಂತು.

"ನೋಡು, ಈ ಹಸಿರು," ಎಂದರು ಮಾವ ಒಂದು ಸುರುಳಿ ಎತ್ತಿ ಹಿಡಿದು. "ನಿನ್ನ ಗಂಡ ಶಾಲೆಗೆ ಸೇರಿದ ವರ್ಷದ್ದು. ಮೊದಲ್ನೇ ದಿನ ಅಳ್ತಾ ಓಡಿಬಂದು ಸೇತುವೆ ಮೇಲೆ ಕೂತುಬಿಟ್ಟಿದ್ದ, ಅವನ ಚಡ್ಡಿಗೂ ಹತ್ಕೊಂಡಿತ್ತು. ಈ ಬೂದು ನಿನ್ನ ಮದುವೆ ವರ್ಷದ್ದು. ಕಳಪೆ ಮಾಲು."

"ಮದುವೆನೋ, ಬಣ್ಣನೋ?" ಎಂದರು ಮೇಸ್ತ್ರಿ.

"ಬಣ್ಣ ಕಣಯ್ಯ! ಮದುವೆ ನೋಡು, ಇನ್ನೂ ಸಿಪ್ಪೆ ಎದ್ದಿಲ್ಲ."

ಐದನೆಯ ದಿನ ನಾಲ್ಕು ಜಾಕಿ ಇಟ್ಟು ಸೇತುವೆಯ ತುದಿಯನ್ನು ಕೂದಲೆಳೆಯಷ್ಟು ಮೇಲೆತ್ತಿದರು. ಸ್ಪ್ಯಾನರಕ್ಕ ರೋಲರುಗಳನ್ನು ಒಂದೊಂದಾಗಿ ಎಳೆದಳು, ಕೈಯಿಂದ ಉರುಳಿಸಿ ನೋಡಿದಳು. ಐದಕ್ಕೆ ಐದೂ ತುಕ್ಕಿಲ್ಲದೆ ನುಣ್ಣಗಿದ್ದವು. ಮೇಡಂ ಬಾಯಿಂದ "ಅಬ್ಬಾ" ಎಂದು ತಾನಾಗಿಯೇ ಬಂತು. ಗ್ರೀಸ್ ಹಾಕುವ ಸರದಿ ಬಂದಾಗ ಮಾವ ಬ್ರಷ್ಷು ಬೇಡವೆಂದು ಇಡೀ ಅಂಗೈ ಡಬ್ಬಿಗೆ ಅದ್ದಿದರು. ಮಗುವಿಗೆ ಎಣ್ಣೆ ಹಚ್ಚಿದಂತೆ ಐದನ್ನೂ ನೀವಿ ಅದರದರ ಜಾಗಕ್ಕೆ ಕಳುಹಿಸಿದರು.

"ತಡವಾಯ್ತು. ಆದ್ರೂ ತಗೋ," ಎಂದರು, ಯಾರಿಗೆ ಹೇಳಿದರೋ.

* * *

ಪರೀಕ್ಷೆಯ ದಿನ ಶಾಲೆಗೆ ರಜೆ, ಮಗಳೂ ತಾತನ ಕೈ ಹಿಡಿದು ಬಂದಿದ್ದಳು. ಬೆಳಗಿನ ತಂಪಿನಲ್ಲೇ ಮೇಡಂ ಸೇತುವೆಯ ತುದಿಗೆ ಒಂದು ತಂತಿ ಕಟ್ಟಿದರು. ತಂತಿಯ ಮೊನೆ ಕಟ್ಟೆಗೆ ಅಂಟಿಸಿದ ಗೆರೆಕಾಗದದ ಸೊನ್ನೆಯ ಮೇಲೆ ನಿಂತಿತು. ಬಿರುಕಿನ ಮೇಲೆ ನಾಲ್ಕನೆಯ ಗಾಜು ಅಂಟಿಸಿದರು.

"ಬಿಸಿಲೇರಿದ ಮೇಲೆ ಮೊನೆ ಹತ್ತು ಗೆರೆಯಾದ್ರೂ ದಾಟ್ಬೇಕು, ಗಾಜು ಉಳೀಬೇಕು," ಎಂದರು. "ಎರಡೂ ಆದ್ರೆ ಅಡಿಪಾಯ ಗಟ್ಟಿ ಇದೆ ಅಂತ ಲೆಕ್ಕ. ದುರಸ್ತಿ ಅಂತ ಬರೀತೀನಿ. ನಾಳೆ ವರದಿ ಹೋಗ್ಲೇಬೇಕು."

ಅವತ್ತು ಮಾತ್ರ ಮೋಡ.

ಹತ್ತು ಗಂಟೆಯಾಯಿತು. ತಂತಿ ಸೊನ್ನೆಯ ಮೇಲೇ. ಹನ್ನೆರಡಾಯಿತು. ಅಲ್ಲೇ. ಮೇಸ್ತ್ರಿ ಆಕಾಶ ನೋಡಿ ನೋಡಿ ಕತ್ತು ನೋಯಿಸಿಕೊಂಡರು. "ಒಂದು ವಾರ ತಲೆ ಬೇಯಿಸಿದ್ಯಲ್ಲಪ್ಪ, ಇವತ್ತೇನು ನಾಚಿಕೆ ನಿಂಗೆ?" ಎಂದು ಸೂರ್ಯನನ್ನೇ ತರಾಟೆಗೆ ತಗೊಂಡರು. ಸ್ಪ್ಯಾನರಕ್ಕನಿಗೆ ಊಟ ಸೇರಲಿಲ್ಲ. ರೋಲರು ಮತ್ತೆ ಕಚ್ಚಿಕೊಂಡಿತೇ? ನಾನೇ ಏನಾದರೂ ಸರಿಯಾಗಿ ಕೂರಿಸಲಿಲ್ಲವೇ? ಐದು ತಿಂಗಳು, ಐದು ವರ್ಷ ಎಂಬ ಎರಡೇ ಮಾತು ತಲೆಯಲ್ಲಿ ಗಿರಕಿ ಹೊಡೆಯುತ್ತಿದ್ದವು. ಮಾವ ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಲ್ಲಿನಂತೆ ಕೂತಿದ್ದರು.

ಒಂದೂವರೆಗೆ ಮೋಡದ ಅಂಚು ಹರಿಯಿತು. ಮೊದಲು ನದಿಯ ನೀರು ಹೊಳೆಯಿತು, ಆಮೇಲೆ ಆಚೆ ದಡ, ಆಮೇಲೆ ಸೇತುವೆಯ ಕಮಾನುಗಳು ಒಂದೊಂದಾಗಿ. ಬಿಸಿಲೆಂದರೆ ಅಂತಿಂಥ ಬಿಸಿಲಲ್ಲ, ನೆತ್ತಿ ಸೀಳುವಂಥದ್ದು. ಕಬ್ಬಿಣ ಮುಟ್ಟಿದರೆ ಚುರ್ರೆನ್ನತೊಡಗಿತು. ಆದರೂ ತಂತಿ ಅಲ್ಲೇ.

ಎರಡೂವರೆ ಗಂಟೆಗೆ, ಗೂಡಿನೊಳಗಿಂದ ಒಂದು ಸದ್ದು ಬಂತು. ದಪ್ಪನೆಯ, ಉದ್ದನೆಯ, ನಿದ್ದೆ ತುಂಬಿದ ಸದ್ದು. ಹೂಂ… ಎಂದಂತೆ.

ತಂತಿಯ ಮೊನೆ ನೆಗೆದು ನಾಲ್ಕನೆಯ ಗೆರೆಯ ಮೇಲೆ ಕೂತಿತು.

ಎಲ್ಲರೂ ಗಾಜಿನ ಕಡೆ ತಿರುಗಿದರು. ಗಾಜು ಹಾಗೇ ಇತ್ತು.

"ಅಮ್ಮ, ಸೇತುವೆ ಮೈಮುರೀತು!" ಎಂದು ಮಗಳು ಚಪ್ಪಾಳೆ ತಟ್ಟಿದಳು. "ನಾನು ಬೆಳಗ್ಗೆ ಎದ್ದಾಗ ಮಾಡ್ತೀನಲ್ಲ, ಹಾಗೆ!"

ಆರು. ಏಳು. ಒಂಬತ್ತು. ಸೇತುವೆ ಪುಟ್ಟ ಪುಟ್ಟ ಹೂಂಕಾರ ಹಾಕುತ್ತ ಕಾಲು ಚಾಚುತ್ತಿತ್ತು, ಮಗಳು ಒಂದೊಂದು ಗೆರೆಯನ್ನೂ ಕೂಗಿ ಹೇಳುತ್ತಿದ್ದಳು. ಮೇಲೆ ನಡೆದುಹೋಗುತ್ತಿದ್ದವರು ಏನು ಗಲಾಟೆ ಎಂದು ಬಗ್ಗಿ ನೋಡಿದರು. ಹತ್ತು ದಾಟಿದಾಗ ಮೇಸ್ತ್ರಿ ತಮ್ಮ ಗಾತ್ರ ಮರೆತು ಕುಣಿದೇಬಿಟ್ಟರು. "ಮೇಸ್ತ್ರಿ, ಗಾಜು, ಗಾಜು!" ಎಂದು ಮೇಡಂ ಕಿರುಚಿದರು. ಮೂರೂ ಮುಕ್ಕಾಲಿಗೆ ಮೊನೆ ಹನ್ನೆರಡರಲ್ಲಿ ನಿಂತಿತು. ಗಾಜಿನಲ್ಲಿ ಒಂದು ಗೀರೂ ಇಲ್ಲ.

ಮೇಡಂ ಮುಡಿಯಿಂದ ನೇರವಾಗಿ ಪೆನ್ನು ಎಳೆದರು. ಈ ಸಲ ಹುಡುಕಲೇ ಇಲ್ಲ. ಪುಸ್ತಕದಲ್ಲಿ ದೊಡ್ಡದಾಗಿ ಒಂದೇ ಪದ ಬರೆದು ಸ್ಪ್ಯಾನರಕ್ಕನ ಕಡೆ ತಿರುಗಿಸಿ ಹಿಡಿದರು. ದುರಸ್ತಿ.

ಸ್ಪ್ಯಾನರಕ್ಕ ಅದನ್ನು ಎರಡು ಸಲ ಓದಿದಳು. ಆಮೇಲೆ ಗ್ರೀಸ್ ಕೈಯಲ್ಲೇ ಮುಖ ಮುಚ್ಚಿಕೊಂಡಳು. ಕೈ ತೆಗೆದಾಗ ಅವಳ ಮುಖ ನೋಡಿ ಮಗಳಿಗೆ ಹೊಟ್ಟೆ ಹುಣ್ಣಾಗುವಷ್ಟು ನಗು.

* * *

ಐದು ತಿಂಗಳು ಎಂದದ್ದು ಐದೂವರೆಯಾಯಿತು, ಅದಕ್ಕೆ ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ. ಬಿರುಕಿಗೆ ಕಬ್ಬಿಣದ ಸರಳು ಹಾಕಿ ಹೊಲಿದರು, ಸವೆದ ಬೋಲ್ಟುಗಳನ್ನೆಲ್ಲ ಬದಲಾಯಿಸಿದರು, ಮೇಲೆ ಹೊಸ ರಸ್ತೆ ಹಾಸಿದರು, ಎರಡೂ ಬದಿ ದೀಪ ಬಂತು. ಸೇತುವೆ ಎಷ್ಟು ಸರಿಯಿತೆಂದು ದಿನಾ ಮೇಡಂ ಫೋನಿಗೆ ತಾನೇ ತಿಳಿಸುವ ಪುಟ್ಟ ಪೆಟ್ಟಿಗೆಯೊಂದನ್ನು ಗೂಡಿನಲ್ಲಿಟ್ಟರು. "ನನ್ನ ಮಗ ತಿಂಗಳಿಗೊಂದು ಫೋನ್ ಮಾಡಲ್ಲ, ಸೇತುವೆ ದಿನಾ ಮಾಡುತ್ತೆ" ಎಂದು ಮೇಸ್ತ್ರಿ ಕಂಡಕಂಡವರಿಗೆಲ್ಲ ಹೇಳಿದರು. ಇನ್ನೊಂದು ಸಂಗತಿಯನ್ನು ಮೇಡಂ ಹಟ ಹಿಡಿದು ಬರೆಸಿದ್ದರು. ವರ್ಷಕ್ಕೆ ಎರಡು ಸಲ ರೋಲರಿಗೆ ಗ್ರೀಸ್ ಹಾಕಬೇಕು, ಅದಕ್ಕೆಂದೇ ಒಬ್ಬರಿರಬೇಕು. ಎಣ್ಣೆಯಣ್ಣನ ಆ ಹಳೆಯ ಕೆಲಸ ಈಗ ಸ್ಪ್ಯಾನರಕ್ಕನದು.

ಕೊನೆಗೆ ಗೂಡಿನ ಬಾಯಲ್ಲಿ ಒಂದು ಫಲಕ ಬೇಕಾಯಿತು. ಅದನ್ನು ಯಾರು ಬರೆಯಬೇಕೆಂದು ಯಾರೂ ಕೇಳಲಿಲ್ಲ. ಮಾವ ಮೂರು ದಿನ ತಗೊಂಡು, ಅಂಚಿಗೆ ಎರಡೆರಡು ಕೈ ಹೊಡೆದು, ಕೆಂಪು ಅಕ್ಷರದಲ್ಲಿ ದುಂಡಗೆ ಬರೆದರು: "ಇಲ್ಲಿ ಬಣ್ಣ ಬಳಿಯಬಾರದು." ಕೆಳಗೆ ಮೂಲೆಯಲ್ಲಿ ಹೆಬ್ಬೆರಳು. ಈ ಸಲ ಎಲ್ಲರಿಗೂ ಕಾಣುವ ಕಡೆ.

ಬಸ್ಸು ಮತ್ತೆ ಸೇತುವೆಯ ಮೇಲೆ ಓಡಿದ ಮೊದಲ ದಿನ ಸಂಜೆ ಆರೂವರೆಗೆ ಇನ್ನೂ ಬೆಳಕಿತ್ತು. ಅಡುಗೆಮನೆಯ ಕಿಟಕಿ ತೆರೆದಿತ್ತು. ಅದನ್ನೂ ಮಾವ ಮರದ ಬೆಣೆಯಿಂದ ಸುಲಿದು, ಕೀಲಿಗೆ ಕೈತುಂಬ ಗ್ರೀಸ್ ಹಾಕಿದ್ದರಿಂದ ಅದೀಗ ಬೆರಳು ತಾಗಿದರೂ ಹಾರಿ ಗೋಡೆಗೆ ಬಡಿಯುತ್ತಿತ್ತು. ಮಗಳು ಅದರ ಎದುರು ಸ್ಟೂಲು ಎಳೆಯಲು ಹೋಗಿ ತಾತನಿಂದ ಬೈಸಿಕೊಂಡು, ಹಿಟ್ಟಿನ ಡಬ್ಬದ ಮೇಲೆ ಹತ್ತಿ ನಿಂತಿದ್ದಳು.

"ಬಂತು! ಅಮ್ಮ, ಅಪ್ಪನ ಬಸ್ಸು! ಸೇತುವೆ ಮೇಲೆ!"

ನದಿಯ ಕಡೆಯಿಂದ ಹಾರ್ನು ಮೂರು ಸಲ ಕೇಳಿಸಿತು. ಕಾಲು ಗಂಟೆಯಲ್ಲಿ ಅವನು ಬಾಗಿಲಲ್ಲಿದ್ದ. ಮಗಳು ಡಬ್ಬದಿಂದ ಹಾರಿದ ರಭಸಕ್ಕೆ ಅವನು ಎರಡು ಹೆಜ್ಜೆ ಹಿಂದೆ ಹೋಗಿ, ಅವಳನ್ನು ಎತ್ತಿಕೊಂಡೇ ಕಣ್ಣಿಗೆ ಬಿದ್ದ ಹಸಿರು ಸ್ಟೂಲಿನ ಮೇಲೆ ದೊಪ್ಪೆಂದು ಕೂತ.

"ಏಳೋ! ಏಳೋ!" ಎಂದು ಮಾವ ಓಡಿಬಂದರು. "ಈಗ ತಾನೇ ಬಳಿದಿದ್ದು, ಇನ್ನೂ ಒಣಗಿಲ್ಲ!"

ಅವನು ಏಳಲಿಲ್ಲ. "ಇರ್ಲಿ ಬಿಡಪ್ಪ," ಎಂದು ಮಗಳ ತಲೆಯ ಮೇಲೆ ಗದ್ದವೂರಿದ. "ಸ್ವಲ್ಪ ಹೊತ್ತು ಇಲ್ಲೇ ಅಂಟ್ಕೊಂಡಿರ್ತೀನಿ."

ಸ್ಪ್ಯಾನರಕ್ಕ ನಾಲ್ಕು ತಟ್ಟೆ ಹಾಕಿದಳು.